ಕಾವೇರಿಗೆ ಮಹಶೀರ್ ಮರಿ ಬಿಡುವುದು ಒಳ್ಳೆಯದಾ? ಗೊತ್ತಿರುವವರು ಹೇಳಿ

ಹೊಳೆಕರೆ:

ಎಲ್ಲರಿಗೂ ನಮಸ್ಕಾರ. ನಮ್ಮದು ಕೊಡಗಿನ ಸಿದ್ದಾಪುರ ಕಡೆ, ತೋಟದ ಕೆಳಗೇ ಕಾವೇರಿ. ಇಲ್ಲಿನ ಒಂದು ಸಂಘದವರು ಮಳೆಗಾಲ ಕಳೆದ ಮೇಲೆ ಹೊಳೆಗೆ ಮಹಶೀರ್ ಅನ್ನುವ ದೊಡ್ಡ ಹೊಳೆ ಮೀನಿನ ಮರಿ ಬಿಡುತ್ತೇವೆ ಅಂತ ಹೊರಟಿದ್ದಾರೆ. ಊರಿನವರ ಹತ್ತಿರ ಹಣ ಕೇಳುತ್ತಿದ್ದಾರೆ, ಶಾಲೆ ಮಕ್ಕಳ ಕೈಯಲ್ಲೇ ಬಿಡಿಸಬೇಕು ಅನ್ನುವ ಯೋಚನೆ ಇದೆ. ಕೇಳುವುದಕ್ಕೆ ಚೆನ್ನಾಗಿಯೇ ಇದೆ. ಆದರೆ ಯಾವ ಜಾತಿ, ಎಲ್ಲಿಂದ ತರುತ್ತೀರಿ ಅಂದರೆ "ಮಹಶೀರ್ ಅಂದ್ರೆ ಮಹಶೀರ್, ಅದರಲ್ಲೇನಿದೆ" ಅನ್ನುತ್ತಾರೆ.

ನನ್ನ ಚಿಕ್ಕಪ್ಪನ ಮಗಳು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿದ್ದಾಳೆ. ಫೋನಿನಲ್ಲಿ ಈ ವಿಷಯ ಹೇಳಿದಾಗ, ಅಲ್ಲಿ ಸಾಲ್ಮನ್ ಮೀನಿನ ಹ್ಯಾಚರಿಗಳ (ಮೀನು ಮರಿ ಮಾಡುವ ಕೇಂದ್ರಗಳ) ಮೇಲೆ ಕೋರ್ಟಿನಲ್ಲಿ ಕೇಸು ನಡೆಯುತ್ತವೆ ಅಂದಳು, ಅದೂ ಕಾಡು ಮೀನು ಉಳಿಸುವವರೇ ಹಾಕಿದ್ದಂತೆ. ಮರಿ ಮಾಡಿ ಬಿಟ್ಟರೆ ಮೀನು ಜಾಸ್ತಿ ಆಗಬೇಕು ಅಲ್ವಾ? ತೊಂದರೆ ಎಲ್ಲಿ? ನಾನು ಹಣ ಕೊಡಬೇಕಾ, ಬೇಡವಾ?

ಮಂಗಳೂರು_ಫಿಶರೀಸ್:

ನಿಮ್ಮ ತಂಗಿ ಹೇಳಿದ್ದು ನಿಜ. ನಾನು ಮೀನುಗಾರಿಕೆ ಓದಿದವನು, ಸ್ವಲ್ಪ ಉದ್ದ ಬರೆಯುತ್ತೇನೆ.

ಸಾಲ್ಮನ್ ಹೊಳೆಯಲ್ಲಿ ಹುಟ್ಟಿ, ಸಮುದ್ರಕ್ಕೆ ಹೋಗಿ ಬೆಳೆದು, ಮೊಟ್ಟೆ ಇಡಲು ಮತ್ತೆ ಹುಟ್ಟಿದ ಹೊಳೆಗೇ ಬರುತ್ತದೆ. ಆ ನೀರಿನ ವಾಸನೆ ಹಿಡಿದು ದಾರಿ ಹುಡುಕುತ್ತದೆ. ಹೀಗೆ ಸಾವಿರಾರು ವರ್ಷ ನಡೆದು ಒಂದೊಂದು ಹೊಳೆಯ ಮೀನು ಆ ಹೊಳೆಯ ತಂಪಿಗೆ, ಹರಿವಿಗೆ, ನೀರು ಏರುವ ಇಳಿಯುವ ಕಾಲಕ್ಕೆ ಒಗ್ಗಿಹೋಗಿರುತ್ತದೆ. ಆಮೇಲೆ ಅಮೆರಿಕದ ಕೊಲಂಬಿಯಾ ನದಿಗೆ ಸಾಲಾಗಿ ಅಣೆಕಟ್ಟು ಬಂದವು. ಮೇಲೆ ಹೋಗುವ ದಾರಿ ಮುಚ್ಚಿತು. ಅದಕ್ಕೆ ಪರಿಹಾರ ಅಂತ ಹ್ಯಾಚರಿ ಕಟ್ಟಿದರು, 1938ರ ಮಿಚೆಲ್ ಕಾಯ್ದೆಯ ಹಣದಲ್ಲಿ ನಡೆಯುವ ಹ್ಯಾಚರಿಗಳು ಈಗಲೂ ಇವೆ. ದಾರಿ ತೆರೆಯುವ ಬದಲು ಮರಿ ಕೊಟ್ಟರು ಅಂತ ಇಟ್ಟುಕೊಳ್ಳಿ.

ತೊಂದರೆ ಶುರುವಾಗುವುದು ತೊಟ್ಟಿಯಲ್ಲಿ. ಹೊಳೆಯಲ್ಲಿ ಯಾವ ಗಂಡು ಯಾವ ಹೆಣ್ಣಿನ ಜೊತೆ ಸೇರಬೇಕು ಅನ್ನುವುದು ಮೀನುಗಳೇ ಕಾದಾಡಿ ತೀರ್ಮಾನ ಮಾಡಿಕೊಳ್ಳುತ್ತವೆ. ಹ್ಯಾಚರಿಯಲ್ಲಿ ಕೈಯಿಂದ ಹೊಟ್ಟೆ ಒತ್ತಿ ಮೊಟ್ಟೆ ತೆಗೆಯುತ್ತಾರೆ, ಗಂಡಿನ ಹಾಲು (ವೀರ್ಯ) ಬೆರೆಸುತ್ತಾರೆ, ಟ್ರೇಯಲ್ಲಿ ಹರಡುತ್ತಾರೆ. ಹೊಳೆಯಲ್ಲಿ ಸಾಯಬೇಕಾಗಿದ್ದ ಮರಿಯೂ ಅಲ್ಲಿ ಬದುಕುತ್ತದೆ. ತೊಟ್ಟಿಯ ಪಕ್ಕ ನಿಂತು ನೋಡಿದರೆ ಗೊತ್ತಾಗುತ್ತದೆ: ಮೇವು ಹಾಕುವವನ ನೆರಳು ಬಿದ್ದ ತಕ್ಷಣ ಮರಿಗಳೆಲ್ಲ ಬಾಯಿ ತೆರೆದುಕೊಂಡು ಮೇಲೆ ಬರುತ್ತವೆ. ಹೊಳೆಯ ಮರಿ ನೆರಳು ಕಂಡರೆ ಕಲ್ಲಿನಡಿ ಹೋಗುತ್ತದೆ, ಯಾಕೆಂದರೆ ಅಲ್ಲಿ ನೆರಳು ಅಂದರೆ ಮಿಂಚುಳ್ಳಿಯೋ ನೀರುಕಾಗೆಯೋ. ಇಂಥ ತೊಟ್ಟಿ ಮೀನು ದೊಡ್ಡದಾಗಿ ಕಾಡು ಮೀನಿನ ಜೊತೆ ಸೇರಿದರೆ ಆ ಗುಣ ಮುಂದಿನ ತಲೆಮಾರಿಗೂ ಹೋಗುತ್ತದೆ. ಆರೆಗಾನ್‌ನ ಹುಡ್ ನದಿಯಲ್ಲಿ ಸ್ಟೀಲ್‌ಹೆಡ್ ಎಂಬ, ಸಾಲ್ಮನ್ ಕುಟುಂಬದ ಮೀನಿನ ಮೇಲೆ ಡಿಎನ್‌ಎ ಪರೀಕ್ಷೆ ಮಾಡಿ 2007ರಲ್ಲಿ ಪ್ರಕಟಿಸಿದರು. ಹ್ಯಾಚರಿಯಲ್ಲಿ ಕಳೆದ ಪ್ರತಿ ತಲೆಮಾರಿಗೆ, ಹೊರಗೆ ಬಿಟ್ಟ ಮೇಲೆ ಸಂತಾನ ಉಳಿಸುವ ಶಕ್ತಿ ಸುಮಾರು 40 ಶೇಕಡಾ ಕಮ್ಮಿ ಆಗುತ್ತದೆ ಅಂತ ಸಿಕ್ಕಿತು.

ಇನ್ನೊಂದು ವಿಷಯ ಜನ ಮರೆಯುತ್ತಾರೆ. ಹ್ಯಾಚರಿ ಮೀನು ತುಂಬಿದ ಕಡೆ ಬಲೆ ಜಾಸ್ತಿ ಬೀಳುತ್ತದೆ, ಅದೇ ಬಲೆಗೆ ಅಳಿದುಳಿದ ಕಾಡು ಮೀನೂ ಬೀಳುತ್ತದೆ.

ಅದಕ್ಕೇ ಅಲ್ಲಿ ಕಾನೂನು ಬಂತು. ಅಳಿವಿನಂಚಿನ ಜೀವಿಗಳ ಕಾಯ್ದೆ 1973ರದು, ಅದರ ಪಟ್ಟಿಗೆ ಪೆಸಿಫಿಕ್ ಕಡೆಯ ಸಾಲ್ಮನ್ ಮತ್ತು ಸ್ಟೀಲ್‌ಹೆಡ್‌ನ 28 ಗುಂಪುಗಳು ಸೇರಿವೆ. ಅಂಥ ಗುಂಪಿಗೆ ಹಾನಿ ಆಗುವಂತಿದ್ದರೆ ಹ್ಯಾಚರಿ ಮೊದಲು ಲಿಖಿತ ಯೋಜನೆ ಕೊಟ್ಟು ಕೇಂದ್ರ ಸರ್ಕಾರದ ಒಪ್ಪಿಗೆ ಪಡೆಯಬೇಕು. ಯಾವ ಹೊಳೆಯ ತಾಯಿ ಮೀನು, ಎಷ್ಟು ಮರಿ, ಎಲ್ಲಿ ಬಿಡುತ್ತೀರಿ, ಕಾಡು ಮೀನಿನ ಜೊತೆ ಎಷ್ಟು ಪಾಲು ಬೆರೆಯಬಹುದು, ಎಲ್ಲ ಬರೆಯಬೇಕು. ಒಪ್ಪಿಗೆ ಇಲ್ಲದೆ ನಡೆಸಿದರೆ ಸಾಮಾನ್ಯ ಜನರೂ ಕೋರ್ಟಿಗೆ ಹೋಗಬಹುದು. ನಿಮ್ಮ ತಂಗಿ ಹೇಳಿದ ಕೇಸುಗಳ ಮೂಲ ಇದೇ.

ಗಾಳದ_ಗೆಳೆಯ:

ಅಮೆರಿಕದವರೆಗೆ ಹೋಗುವುದೇ ಬೇಡ, ನಮ್ಮ ಕಾವೇರಿಯಲ್ಲೇ ಆಗಿದೆ ಇದು.

ಕಾವೇರಿಯ ಹಳೇ ದೈತ್ಯ ಅಂದರೆ ಗೂನುಬೆನ್ನಿನ ಮಹಶೀರ್. ತಲೆಯ ಹಿಂದೆ ಬೆನ್ನು ಎದ್ದಿರುತ್ತದೆ, ಈಜುರೆಕ್ಕೆ ಕಿತ್ತಳೆ ಬಣ್ಣ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರು ಹಿಡಿದ 120 ಪೌಂಡ್‌ನ ಮೀನಿನ ಕಥೆ ಎಲ್ಲರಿಗೂ ಗೊತ್ತು. ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಭೂಮಿಯ ಮೇಲೆ ಬೇರೆಲ್ಲೂ ಈ ಮೀನಿಲ್ಲ. 70ರ ದಶಕದಿಂದ ಲೋಣಾವಳದ ಹ್ಯಾಚರಿಯಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ತಂದು ಕಾವೇರಿಗೆ ಬಿಟ್ಟರು. ಬಿಟ್ಟವರ ಮನಸ್ಸು ಒಳ್ಳೆಯದೇ ಇತ್ತು, ಆಗ ಮಹಶೀರ್ ಎಲ್ಲ ಕಡೆ ಕಮ್ಮಿ ಆಗಿತ್ತು. ಆದರೆ ಅದು ಬೇರೆ ಜಾತಿ, ಅದರ ಮೂಲ ಕೃಷ್ಣಾ ಕಡೆಯ ಹೊಳೆಗಳು.

ಕಾವೇರಿ ದಡದ ಗಾಲಿಬೋರೆ ಕ್ಯಾಂಪಿನಲ್ಲಿ ಗಾಳ ಹಾಕಿದವರು ಹಿಡಿದು ಬಿಟ್ಟ ಮೀನುಗಳ ಲೆಕ್ಕ 1998ರಿಂದ 2012ರವರೆಗೆ ಇತ್ತು. ವಿಜ್ಞಾನಿಗಳು ಅದನ್ನು ಕೂತು ನೋಡಿದಾಗ ಕಂಡಿದ್ದು ಇದು: ಒಟ್ಟು ಮಹಶೀರ್ ಜಾಸ್ತಿ ಆಗುತ್ತಾ ಬಂದಿದೆ, ನೀಲಿ ರೆಕ್ಕೆಯದೇ ತುಂಬಿಕೊಂಡಿದೆ, ಗೂನುಬೆನ್ನಿನದು ಮಾಯವಾಗುತ್ತಾ ಬಂದಿದೆ, ಅದರ ಮರಿಗಳಂತೂ ಗಾಳಕ್ಕೆ ಸಿಗುವುದೇ ನಿಂತಿದೆ. ಗಾಳ ಹಾಕುವವರಿಗೆ ಮಾತ್ರ ಮೀನು ಚೆನ್ನಾಗಿದೆ ಅಂತ ಖುಷಿ. ಎಣಿಕೆ ಮಾತ್ರ ನೋಡಿದರೆ ಹೀಗೇ ಆಗುವುದು. ಆ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಟಾರ್ ರೆಮಾದೇವಿ ಅಂತ ಖಚಿತವಾಗಿದ್ದು 2018ರಲ್ಲಿ, ಅದೇ ವರ್ಷ ಅಳಿವಿನ ಅಪಾಯದಲ್ಲಿರುವ ಜೀವಿಗಳ ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಅತ್ಯಂತ ಹೆಚ್ಚು ಅಪಾಯದ ವರ್ಗಕ್ಕೆ ಸೇರಿತು. ಹೆಸರು ಖಚಿತವಾಗುವ ಮೊದಲೇ ಕಳೆದುಕೊಳ್ಳುವ ಹಂತಕ್ಕೆ ಬಂದಿದ್ದೆವು, ಇದನ್ನು ನೆನೆಸಿಕೊಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ಹಾಗಾಗಿ "ಮಹಶೀರ್ ಅಂದ್ರೆ ಮಹಶೀರ್" ಅನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಕುಶಾಲನಗರ_ಅಕ್ಕ:

ಗಾಳದ ಗೆಳೆಯ ಅಣ್ಣ, ನೀವು ಹೇಳಿದ್ದು ಒಪ್ಪುತ್ತೇನೆ, ಆದರೆ ಹ್ಯಾಚರಿ ಅಂದರೆ ಕೆಟ್ಟದ್ದು ಅಂತ ಓದುವವರು ತಿಳಿದುಕೊಂಡರೆ ಕಷ್ಟ. ಅಮೆರಿಕದ ಐಡಾಹೋದಲ್ಲಿ ರೆಡ್‌ಫಿಶ್ ಅಂತ ಒಂದು ಕೆರೆ ಇದೆ. ಸ್ನೇಕ್ ನದಿಯ ಸಾಕ್‌ಐ ಸಾಲ್ಮನ್ ಸಮುದ್ರದಿಂದ ಅಷ್ಟು ದೂರ ಹತ್ತಿಕೊಂಡು ಅಲ್ಲಿಗೆ ಬರಬೇಕು. 1991ರಲ್ಲಿ ಅದನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿದರು. ಮರುವರ್ಷ ವಾಪಸ್ ಬಂದಿದ್ದು ಒಂದೇ ಒಂದು ಗಂಡು ಮೀನು. ಆಗ ಬಂದ ಮೀನುಗಳನ್ನೆಲ್ಲ ಹಿಡಿದು ಹ್ಯಾಚರಿಯಲ್ಲಿ ಇಟ್ಟು, ಯಾವುದರ ಮರಿ ಯಾವುದು ಅಂತ ವಂಶಾವಳಿ ಬರೆದುಕೊಂಡು ಸಂತಾನ ಮಾಡಿಸಿದರು. ಆ ತಳಿ ಇವತ್ತಿಗೂ ಉಳಿದಿದ್ದರೆ ಅದರಿಂದಲೇ.

ಗೂನುಬೆನ್ನಿನ ಮೀನಿಗೂ ನಾಳೆ ಇಂಥ ಕೆಲಸ ಬೇಕಾಗಬಹುದು. ಅದಕ್ಕೆ ಬೇಕಾದ ಕೈಗಳು, ತೊಟ್ಟಿಗಳು ಎಲ್ಲಿಂದ ಬರಬೇಕು? ನಮ್ಮ ಹಾರಂಗಿಯಲ್ಲಿ ಮೀನುಗಾರಿಕೆ ಇಲಾಖೆಯವರು ಮಹಶೀರ್ ಮರಿ ಮಾಡುತ್ತಾರೆ, ಆ ಅನುಭವ ಸಣ್ಣದಲ್ಲ. ಅದನ್ನು ಮುಚ್ಚಿ ಅನ್ನಬಾರದು. ಯಾವ ಮೀನು, ಯಾವ ಹೊಳೆಗೆ ಅನ್ನುವುದಕ್ಕೆ ಕಟ್ಟುನಿಟ್ಟು ನಿಯಮ ಮಾಡಿ ಅನ್ನಬೇಕು.

ಮಂಗಳೂರು_ಫಿಶರೀಸ್:

ಅಕ್ಕ ಹೇಳಿದ್ದು ಸರಿ. ಅಳಿಯುವ ತಳಿ ಉಳಿಸುವ ಹ್ಯಾಚರಿ ಬೇರೆ, ಹಿಡಿಯುವವರಿಗೆ ಮೀನು ತುಂಬಿಸುವ ಹ್ಯಾಚರಿ ಬೇರೆ. ಒಂದೇ ಕಟ್ಟಡ ಇರಬಹುದು, ನಿಯಮ ಒಂದೇ ಇರಬಾರದು.

ಗುರುತಿನ ವಿಷಯ ಒಂದು ಹೇಳಬೇಕು. ಸಾಲ್ಮನ್‌ಗೆ ಬೆನ್ನ ಮೇಲೆ ಬಾಲದ ಹತ್ತಿರ ಒಂದು ಪುಟ್ಟ ಮಾಂಸದ ರೆಕ್ಕೆ ಇರುತ್ತದೆ. ವಾಷಿಂಗ್ಟನ್, ಆರೆಗಾನ್ ಕಡೆ ಹ್ಯಾಚರಿ ಮರಿ ಬಿಡುವ ಮೊದಲು ಅದನ್ನು ಕತ್ತರಿಸುತ್ತಾರೆ. ಎಷ್ಟೋ ಹೊಳೆಗಳಲ್ಲಿ ಆ ರೆಕ್ಕೆ ಇಲ್ಲದ ಮೀನು ಸಿಕ್ಕರೆ ಇಟ್ಟುಕೊಳ್ಳಬಹುದು, ಇದ್ದರೆ ಬಿಡಬೇಕು. ಮಹಶೀರ್‌ಗೆ ಆ ರೆಕ್ಕೆಯೇ ಇಲ್ಲ, ಅದು ಗೆಂಡೆ ಮೀನಿನ ಕುಟುಂಬ. ಹಾಗಾಗಿ ನಾವು ತಾಯಿ ಮೀನುಗಳ ಡಿಎನ್‌ಎ ದಾಖಲೆ ಇಟ್ಟುಕೊಳ್ಳಬೇಕು, ಇಲ್ಲವೇ ಮರಿಗೆ ಬಣ್ಣದ ಗುರುತು ಹಾಕಬೇಕು. ಯಾವ ಗುರುತೂ ಇಲ್ಲದೆ ಬಿಟ್ಟರೆ ಐದು ವರ್ಷದ ಮೇಲೆ ಸಿಕ್ಕ ಮೀನು ಬಿಟ್ಟಿದ್ದಾ, ಹೊಳೆಯಲ್ಲೇ ಹುಟ್ಟಿದ್ದಾ ಅಂತ ಯಾರೂ ಹೇಳಲಾರರು.

ಪಲ್ಪರ್_ಮನೆ:

ನಾನು ಕಾಫಿ ಬೆಳೆಗಾರ, ಮೀನಿನ ಶಾಸ್ತ್ರ ಗೊತ್ತಿಲ್ಲ. ಆದರೆ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಹೊಳೆ ಸೊರಗಿರುವಾಗ ಪಲ್ಪಿಂಗ್ ನೀರು (ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದ ನೀರು) ತೋಡಿಗೆ ಬಿಟ್ಟರೆ ಏನಾಗುತ್ತದೆ ಅಂತ ಗೊತ್ತು. ನೀರು ಕಪ್ಪಾಗಿ ಹುಳಿ ವಾಸನೆ ಬರುತ್ತದೆ, ಮೀನು ಬಾಯಿ ಮೇಲೆ ಮಾಡಿಕೊಂಡು ಉಸಿರಿಗೆ ಒದ್ದಾಡುತ್ತವೆ. ಅದರ ಮೇಲೆ ಮರಳು ತೆಗೆಯುವುದು, ಮೀನು ಹಿಡಿಯಲು ತೋಟೆ (ಸಿಡಿಮದ್ದು) ಹಾಕುವುದು. ಮಳೆ ಶುರುವಾದಾಗ ಮೊಟ್ಟೆ ಇಡಲು ಮೇಲೆ ಬರುವ ಮೀನಿಗೆ ಕಲ್ಲು ಮರಳಿನ ತಳ ಬೇಡವಾ? ಆ ಸಂಘದವರ ದುಡ್ಡನ್ನು ಮಡುಗಳ ಕಾವಲಿಗೆ ಹಾಕಿದರೆ ಹೆಚ್ಚು ಉಪಯೋಗ. ರಾಮನಾಥಪುರದಲ್ಲಿ ಇದೇ ಕಾವೇರಿಯಲ್ಲಿ ದೇವಸ್ಥಾನದ ಮೀನು ಅಂತ ಯಾರೂ ಮುಟ್ಟದೆ ಉಳಿದಿವೆ, ಶೃಂಗೇರಿಯಲ್ಲೂ ಹಾಗೇ.

ಗಾಳದ_ಗೆಳೆಯ:

ಇದಕ್ಕೆ ನನ್ನದೂ ಒಂದು ಮಾತು. ಅಮೆರಿಕದ ಮೊಂಟಾನಾ ರಾಜ್ಯ 1974ರಲ್ಲಿ ಕಾಡು ಟ್ರೌಟ್ ಇರುವ ಹೊಳೆಗಳಿಗೆ ಹ್ಯಾಚರಿ ಮೀನು ಬಿಡುವುದನ್ನೇ ನಿಲ್ಲಿಸಿತು. ಗಾಳದವರು ತುಂಬಾ ವಿರೋಧ ಮಾಡಿದರು. ಆದರೆ ಬಿಡುವುದು ನಿಂತ ಮೇಲೆ ಕಾಡು ಮೀನು ತಾನಾಗಿಯೇ ಹೆಚ್ಚಿತು.

ಹೊಳೆಕರೆ:

ಎಲ್ಲರಿಗೂ ಧನ್ಯವಾದ. ಇಷ್ಟು ವಿಷಯ ಇದೆ ಅಂತ ಅಂದುಕೊಂಡಿರಲಿಲ್ಲ. ಹಣ ಕೊಡುವುದಿಲ್ಲ ಅಂತ ತೀರ್ಮಾನ ಮಾಡಿದೆ. ಆದರೆ ಸುಮ್ನೆ ಕೂರುವುದಕ್ಕೂ ಮನಸ್ಸಿಲ್ಲ. ಅವರನ್ನು ತಡೆಯಲು ನಮ್ಮ ಹತ್ತಿರ ಏನಾದರೂ ದಾರಿ ಇದೆಯಾ?

ಕುಶಾಲನಗರ_ಅಕ್ಕ:

ಇದೆ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಆ ಸಮಿತಿಗೂ ಮೀನುಗಾರಿಕೆ ಇಲಾಖೆಗೂ ಒಂದೇ ಅರ್ಜಿ ಬರೆಯಿರಿ. ಜಾತಿ ಯಾವುದು, ತಾಯಿ ಮೀನು ಯಾವ ಹೊಳೆಯದು, ರೋಗ ಪರೀಕ್ಷೆ ಆಗಿದೆಯಾ, ಗುರುತು ಏನು, ಬಿಟ್ಟ ಮೇಲೆ ಲೆಕ್ಕ ಇಡುವವರು ಯಾರು, ಇಷ್ಟಕ್ಕೆ ಬರಹದಲ್ಲಿ ಉತ್ತರ ಬರುವವರೆಗೆ ಒಂದು ಮರಿಯೂ ನೀರಿಗೆ ಇಳಿಯಬಾರದು ಅಂತ ಕೇಳಿ. ಸಂಘದವರ ಜೊತೆ ಜಗಳ ಬೇಡ, ಅವರನ್ನೂ ಸಹಿ ಹಾಕಲು ಕರೆಯಿರಿ. ಮಕ್ಕಳನ್ನು ಹೊಳೆಗೆ ಕರೆದುಕೊಂಡು ಹೋಗುವುದಂತೂ ನಿಲ್ಲಿಸಬೇಡಿ, ಎರಡೂ ಮಹಶೀರ್‌ಗಳ ಚಿತ್ರ ಕೈಗೆ ಕೊಟ್ಟು ಯಾವುದು ಯಾವುದು ಅಂತ ತೋರಿಸಿ. ಕರಡು ಇಲ್ಲೇ ಹಾಕಿ, ಫಿಶರೀಸ್ ಅಣ್ಣ ಒಮ್ಮೆ ನೋಡಿ ಕೊಡುತ್ತಾರೆ ಅಂದುಕೊಂಡಿದ್ದೇನೆ.

ಮಂಗಳೂರು_ಫಿಶರೀಸ್:

ಖಂಡಿತ ನೋಡುತ್ತೇನೆ. ಗೂನುಬೆನ್ನಿನ ಮೀನು ಮೊದಲು ಯಾವ ಮಡುಗಳಲ್ಲಿ ಇತ್ತು ಅಂತ ನಿಮ್ಮ ಊರಿನ ಹಿರಿಯರನ್ನು ಕೇಳಿ ಅದನ್ನೂ ಬರೆಯಿರಿ, ಹಳೇ ಫೋಟೋ ಇದ್ದರೆ ಜೊತೆಗೆ ಸೇರಿಸಿ.