ಮಹಾಮಾರಿ ಬಂದ್ರೆ ದೇಶ ದೇಶಗಳ ಬಲಾಬಲ ಬದಲಾಗುತ್ತಾ?

ಹಡಪ್ಸರ್ ಹುಡುಗ, ಪುಣೆ:
ನಮ್ಮ ಮನೆ ಸೀರಮ್ ಇನ್‌ಸ್ಟಿಟ್ಯೂಟ್ ಹತ್ರಾನೇ. 2021ರ ಜನವರಿಯಲ್ಲಿ ಕೋವಿಡ್ ಲಸಿಕೆಯ ಮೊದಲ ಲೋಡ್ ಹೊರಟಾಗ ಟ್ರಕ್ಕಿಗೆ ಪೂಜೆ ಮಾಡಿ ಕಳಿಸಿದ್ರು, ಅದೇ ತಿಂಗಳು 20ಕ್ಕೆ ಭೂತಾನ್, ಮಾಲ್ಡೀವ್ಸಿಗೂ ಹೋಯ್ತು, ಆಮೇಲೆ ಎರಡನೇ ಅಲೆ ಬಂದಿದ್ದೇ ರಫ್ತು ಬಂದ್, ಬಡ ದೇಶಗಳಿಗೆ ಲಸಿಕೆ ಹಂಚೋ ಅಂತರರಾಷ್ಟ್ರೀಯ ಯೋಜನೆ ಕೊವ್ಯಾಕ್ಸ್‌ಗೆ (COVAX) ಮತ್ತೆ ಕಳಿಸೋಕೆ ಶುರು ಮಾಡಿದ್ದು ನವೆಂಬರಲ್ಲಿ. ಅಲ್ಲೀವರೆಗೂ ಇದನ್ನೇ ನಂಬಿದ್ದ ಆಫ್ರಿಕಾ ದೇಶಗಳು ಕಾದಿದ್ದೇ ಬಂತು. ತಪ್ಪು ಅನ್ನೋಕೂ ಮನಸ್ಸು ಬರಲ್ಲ, ಇಲ್ಲಿ ಆಕ್ಸಿಜನ್ ಸಿಗದೆ ಜನ ಸಾಯ್ತಿದ್ರು. ಆದ್ರೆ ಇಂಥದ್ರಿಂದ ಜಗತ್ತಿನ ರಾಜಕೀಯ ವ್ಯವಸ್ಥೆ ನಿಜವಾಗ್ಲೂ ಅಲ್ಲಾಡುತ್ತಾ, ರೋಗ ಹೋದ್ಮೇಲೆ ಎಲ್ಲಾ ಮೊದಲಿನ ಹಾಗೇನಾ?

ಡೊಂಬಿವಲಿ ರಾವ್:
ಅಲ್ಲಾಡಲ್ಲ, ಮೊದಲೇ ಇದ್ದ ಬಿರುಕು ಅಗಲ ಆಗುತ್ತೆ ಅಷ್ಟೇ. ಅಮೆರಿಕ-ಚೀನಾ ಸುಂಕದ ಜಗಳ ಶುರುವಾಗಿದ್ದು 2018ರಲ್ಲಿ, ಕೋವಿಡ್‌ಗೂ ಮುಂಚೆ. ಡಬ್ಲ್ಯುಎಚ್‌ಓ (ವಿಶ್ವ ಆರೋಗ್ಯ ಸಂಸ್ಥೆ) ಬಿಡ್ತೀವಿ ಅಂತ ಟ್ರಂಪ್ 2020ರಲ್ಲಿ ನೋಟಿಸ್ ಕೊಟ್ರು, ಬೈಡನ್ ಬಂದು ವಾಪಸ್ ತಗೊಂಡ್ರು, 2025ರ ಜನವರಿಯಲ್ಲಿ ಟ್ರಂಪ್ ಮತ್ತೆ ಸಹಿ ಹಾಕಿದ್ರು. ಆದ್ರೂ ಅದೇ ವರ್ಷ ಮೇ ತಿಂಗಳಲ್ಲಿ ಆ ಸಂಸ್ಥೆಯಲ್ಲೇ ಮಹಾಮಾರಿ ಒಪ್ಪಂದ, ಅಂದ್ರೆ ಮುಂದಿನ ಮಹಾಮಾರೀನ ದೇಶಗಳು ಸೇರಿ ಎದುರಿಸೋ ಒಪ್ಪಂದ, ಪಾಸಾಯ್ತು: ಪರವಾಗಿ 124, ವಿರೋಧ ಒಂದೂ ಇಲ್ಲ, 11 ದೇಶ ತಟಸ್ಥ.

ಬೈನಾ ಬಸಣ್ಣ, ವಾಸ್ಕೊ:
ರಾವ್ ಸರ, ಓಟು ಬಿದ್ರ ನಂಬಿಕಿ ಬರ್ತದೇನ್ರಿ? ಲಾಕ್‌ಡೌನ್‌ನ್ಯಾಗ ನಮ್ಮ ಕೂಲಿ ಮಂದಿ ಗಂಟು ಹೊತ್ಕೊಂಡು ವಿಜಾಪುರ ಕಡೆ ಹೊಂಟ್ರ ಗಡಿಯಾಗ ತಡದ್ರು, ಇತ್ಲಾಗ ಕೆಲಸಿಲ್ಲ, ಅತ್ಲಾಗ ಬಿಡಂಗಿಲ್ಲ. ಒಂದ ದೇಶದಾಗ ಹಿಂಗಾದ್ರ, ಬ್ಯಾರೆ ಬ್ಯಾರೆ ದೇಶದವ್ರು ಒಬ್ಬರಿಗೊಬ್ಬರು ಆಗ್ತಾರಂತ ಹ್ಯಾಂಗ ನಂಬೂದು?

ಮಾಟುಂಗಾ ಮೇಡಂ:
ಬಸಣ್ಣಾ, ನಿಮ್ಮ ಮಾತು ಒಪ್ತೀನಿ, ಆದ್ರೆ ಇನ್ನೊಂದು ಮುಖಾನೂ ಇದೆ. 1896ರಲ್ಲಿ ಇಲ್ಲೇ ಮುಂಬೈನ ಮಾಂಡ್ವಿಯಲ್ಲಿ ಪ್ಲೇಗ್ ಕಾಣಿಸ್ಕೊಳ್ತು, ಯೂರೋಪಿನವರು ಹೆದರಿ ಮರುವರ್ಷವೇ ವೆನಿಸ್‌ನಲ್ಲಿ ಸಮ್ಮೇಳನ ಕರೆದ್ರು. ಪುಣೆಯಲ್ಲಿ ಸೋಲ್ಜರ್‌ಗಳು ಮನೆಯೊಳಗೆ ನುಗ್ಗಿ ಹುಡುಕಿದ್ದಕ್ಕೆ ಜನ ರೊಚ್ಚಿಗೆದ್ರು, 1897ರ ಜೂನ್ 22ಕ್ಕೆ ಚಾಪೇಕರ್ ಸಹೋದರರು ಬ್ರಿಟಿಷ್ ಪ್ಲೇಗ್ ಅಧಿಕಾರಿ ರ‍್ಯಾಂಡ್‌ಗೆ ಗುಂಡು ಹೊಡೆದ್ರು. ಸಿಟ್ಟು ಬಂದಿದ್ದು ಪ್ಲೇಗ್ ಮೇಲಲ್ಲ, ಸರ್ಕಾರ ನಡ್ಕೊಂಡ ರೀತಿ ಮೇಲೆ. ಅದೇ ಸಿಡುಬಿಗೆ ಅಮೆರಿಕ, ಸೋವಿಯತ್ ಇಬ್ರೂ ಶೀತಲ ಸಮರದ ನಡುವೆನೇ ಕೈ ಜೋಡಿಸಿದ್ರು, 1980ರಲ್ಲಿ ಅದು ಹೋಯ್ತು ಅಂತ ಘೋಷಣೆನೂ ಆಯ್ತು.

ಹಡಪ್ಸರ್ ಹುಡುಗ:
ಮೇಡಂ, ಈ ಸಲ ಕೈ ಜೋಡಿಸಲಿಲ್ವಲ್ಲ ಅನ್ನೋದೇ ನನ್ನ ಸಂಕಟ. ಲಸಿಕೆ ಪೇಟೆಂಟ್ ಸಡಿಲ ಮಾಡಿ ಅಂತ ಭಾರತ, ದಕ್ಷಿಣ ಆಫ್ರಿಕಾ 2020ರ ಅಕ್ಟೋಬರಲ್ಲೇ ಕೇಳಿದ್ವು, ಡಬ್ಲ್ಯುಟಿಓ (ವಿಶ್ವ ವ್ಯಾಪಾರ ಸಂಸ್ಥೆ) ಅರೆಬರೆ ಒಪ್ಪಿದ್ದು 2022ರ ಜೂನಲ್ಲಿ. ರಾವ್ ಸರ್ ಹೇಳಿದ ಒಪ್ಪಂದದಲ್ಲೂ, ರೋಗಾಣು ಸ್ಯಾಂಪಲ್ ಕೊಟ್ಟ ದೇಶಕ್ಕೆ ಲಸಿಕೆಯಲ್ಲಿ ಪಾಲೆಷ್ಟು ಅನ್ನೋ ಮುಖ್ಯ ಮಾತನ್ನೇ ಆಮೇಲಿನ ಅನುಬಂಧಕ್ಕೆ ತಳ್ಳಿಬಿಟ್ರು. ಅದು ಬಡ ದೇಶಗಳಿಗೆ ನ್ಯಾಯವಾಗಿ ಇತ್ಯರ್ಥ ಆಗ್ಲೇಬೇಕು, ಇಲ್ಲಾಂದ್ರೆ ಮುಂದಿನ ಸಲ ಯಾವ ದೇಶ ತಾನೇ ಸ್ಯಾಂಪಲ್ ಬೇಗ ಕೊಡುತ್ತೆ?