‘ಜವಾರಿ ಕಾಳು’ ಎಂದು ಫಲಕ ಬರೆಸಬಹುದೇ?

ಪ್ರಶ್ನೆ: ದಾವಣಗೆರೆಯಲ್ಲಿ ನಾವು ತೆರೆಯುತ್ತಿರುವ ಕಾಳಿನ ಅಂಗಡಿಗೆ ಫಲಕ ಬರೆಯುವವರು ನಾಳೆ ಬರುತ್ತಾರೆ. ರೈತರು ತಲೆಮಾರುಗಳಿಂದ ಬೀಜ ಉಳಿಸಿಕೊಂಡು ಬೆಳೆಯುತ್ತ ಬಂದ ಅವರೆ, ಅಲಸಂದೆ, ಹುರುಳಿ, ಮಡಿಕೆಗಳ ಜೊತೆಗೆ ಜಮ್ಮುವಿನ ಭದರ್ವಾಹದ ರಾಜ್ಮಾವನ್ನೂ ಮಾರಲಿದ್ದೇವೆ. ಇಂಗ್ಲಿಷಿನ ‘ಏರ್‌ಲೂಮ್’ ಎಂಬುದಕ್ಕೆ ‘ಪಾರಂಪರಿಕ’, ‘ನಾಟಿ’, ‘ಬಳುವಳಿ’ ಇವುಗಳಲ್ಲಿ ಯಾವುದನ್ನು ಬರೆಸಬೇಕು? ಕಾಳಿನ ಹೆಸರಿನ ಜೊತೆ ‘ಒಣ’ ಎಂದೂ ಸೇರಿಸಬೇಕೇ?

ಉತ್ತರ: ಮೂರೂ ಬೇಡ. ‘ಪಾರಂಪರಿಕ’ ಇಲಾಖೆಯ ಸುತ್ತೋಲೆಯ ಮಾತು. ಕಾಳು ಕೊಳ್ಳಲು ಬಂದವರು ಹಾಗೆ ಕೇಳುವುದಿಲ್ಲ. ‘ನಾಡು’ ಮೂಲದ ‘ನಾಟಿ’ ಬೆಂಗಳೂರಿನ ಕಡೆಗೆ ಒಗ್ಗೀತು, ಆದರೆ ಭದ್ರಾ ಅಚ್ಚುಕಟ್ಟಿನ ರೈತನಿಗೆ ನಾಟಿಯೆಂದರೆ ಮೊದಲು ನೆನಪಾಗುವುದು ಗದ್ದೆಯಲ್ಲಿ ಭತ್ತದ ಸಸಿ ನೆಡುವ ಕೆಲಸ. ‘ಬಳುವಳಿ’ಯಂತೂ ಮದುವೆಯಲ್ಲಿ ತವರಿನವರು ಮಗಳಿಗೆ ಕೊಡುವ ವಸ್ತು, ಅದನ್ನು ಕಾಳಿಗೆ ಅಂಟಿಸುವುದು ನಿಘಂಟನ್ನು ಅರೆಬರೆ ಓದಿದವರ ಉತ್ಸಾಹ.

ದಾವಣಗೆರೆಯಲ್ಲೂ ಚಿತ್ರದುರ್ಗದಲ್ಲೂ ಜನರು ಬಳಸುವ ಮಾತು ‘ಜವಾರಿ’. ಹೈಬ್ರಿಡ್ ಅಲ್ಲದ್ದು, ಈ ಸೀಮೆಯದೇ ಆದದ್ದು ಎಂಬ ಎರಡೂ ಅರ್ಥಗಳನ್ನು ಅದೊಂದೇ ಹೊರುತ್ತದೆ. ಆದರೆ ಈ ಎರಡನೆಯ ಅರ್ಥದಿಂದಾಗಿಯೇ ರಾಜ್ಮಾವನ್ನು ಆ ಹೆಸರಿನಡಿ ಸೇರಿಸುವಂತಿಲ್ಲ, ಏಕೆಂದರೆ ಅದು ಭದರ್ವಾಹದ ಬೆಟ್ಟದ ರೈತರು ಉಳಿಸಿಕೊಂಡ ತಳಿ. ಆ ಚೀಲದ ಮೇಲೆ ‘ಭದರ್ವಾಹದ ಹಳೆಯ ತಳಿ’ ಎಂದು ಬರೆಸಿರಿ.

‘ಒಣ’ ಎಂಬ ವಿಶೇಷಣವನ್ನು ಅವರೆ ಮತ್ತು ಅಲಸಂದೆಗಳಿಗೆ ಮಾತ್ರ ಸೇರಿಸಿದರೆ ಸಾಕು. ಅವುಗಳ ಹಸಿಕಾಳೂ ಮಾರುಕಟ್ಟೆಗೆ ಬರುತ್ತದೆ, ಹುರುಳಿ ಮಡಿಕೆಗಳಿಗೆ ಆ ಗೊಂದಲವಿಲ್ಲ. ಪದಕ್ಕಿಂತ ಮುಖ್ಯವಾದುದು ಸುಗ್ಗಿಯ ವರ್ಷ. ಹಳೆಯದಾದಷ್ಟೂ ಕಾಳು ಬೇಯುವುದು ತಡವಾಗುತ್ತದೆ, ನಮ್ಮ ಕೊಳವೆಬಾವಿಗಳ ಗಡಸು ನೀರಿನಲ್ಲಂತೂ ಇನ್ನೂ ತಡ. ಹೊಸ ಕಾಳನ್ನು ರಾತ್ರಿಯಿಡೀ ನೆನೆಸಿ ಬೇಯಿಸಿದಾಗ ಮಾತ್ರ ಹುರುಳಿಕಟ್ಟಿನ ಸಾರಿಗೆ ಅದರ ನಿಜವಾದ ಘಮ ಬರುತ್ತದೆ.

ಮತ್ತೊಂದು ಉತ್ತರ: ‘ಜವಾರಿ’ ಎರವಲು. ‘ನಾಡತಳಿ’ ಎಂಬ ಅಚ್ಚಗನ್ನಡದ ಪದವಿರುವಾಗ ಅದರ ಅಗತ್ಯವೇನು?

ಮರುತ್ತರ: ‘ನಾಡತಳಿ’ ಒಳ್ಳೆಯ ಪದ, ಲೇಖನಕ್ಕೆ ಒಪ್ಪುತ್ತದೆ. ಆದರೆ ಎರವಲೆಂಬ ಒಂದೇ ಕಾರಣಕ್ಕೆ ‘ಜವಾರಿ’ಯನ್ನು ಹೊರಗಿಡುವುದಾದರೆ ‘ರೈತ’ ಎಂಬುದರ ಮೂಲವನ್ನೂ ವಿಚಾರಿಸಬೇಕಾಗುತ್ತದೆ, ಅರಬ್ಬಿಯಿಂದ ಬಂದ ‘ರೈತ’ನನ್ನು ಕನ್ನಡ ಎಂದೋ ತನ್ನವನನ್ನಾಗಿ ಮಾಡಿಕೊಂಡಿದೆ. ಫಲಕದಲ್ಲಿ ‘ಜವಾರಿ ಕಾಳು’ ಎಂದೇ ಇರಲಿ.