ಮಾಧ್ಯಮಿಕ ತರಗತಿಯ ಶಿಕ್ಷಕರು ಹೊಸ ವರ್ಷಕ್ಕೆ ಎಂಥ ವೃತ್ತಿಪರ ಗುರಿಗಳನ್ನು ಇಟ್ಟುಕೊಳ್ಳಬೇಕು?

ಪ್ರಶ್ನೆ

ನಾನು ಆರರಿಂದ ಎಂಟನೇ ತರಗತಿಯವರೆಗಿನ ಮಕ್ಕಳಿಗೆ ವಿಜ್ಞಾನ ಕಲಿಸುವ ಶಿಕ್ಷಕಿ. ಹೊಸ ವರ್ಷದ ವೃತ್ತಿಪರ ಗುರಿಗಳನ್ನು ಬರೆದುಕೊಡುವಂತೆ ನಮ್ಮ ಶಾಲೆಯಲ್ಲಿ ಎಲ್ಲ ಶಿಕ್ಷಕರಿಗೂ ಸೂಚಿಸಲಾಗಿದೆ. ಕೊಟ್ಟ ನಮೂನೆಯಲ್ಲಿ ಆರು ಖಾಲಿ ಸಾಲುಗಳಿದ್ದುದರಿಂದ ನಾನೂ ಆರು ಗುರಿಗಳನ್ನು ಬರೆದಿದ್ದೇನೆ: ತರಗತಿಯ ಸರಾಸರಿ ಅಂಕವನ್ನು ಹೆಚ್ಚಿಸುವುದು, ಮಕ್ಕಳು ಹೆಚ್ಚು ಮಾತನಾಡುವಂತೆ ಮಾಡುವುದು, ನೋಟ್‌ಪುಸ್ತಕಗಳನ್ನು ಸಕಾಲದಲ್ಲಿ ತಿದ್ದಿ ಹಿಂತಿರುಗಿಸುವುದು, ಹೊಸದೊಂದು ಬೋಧನಾ ತಂತ್ರಾಂಶ ಕಲಿಯುವುದು, ಪೋಷಕರೊಂದಿಗೆ ನಿಯಮಿತ ಸಂಪರ್ಕ, ಮತ್ತು ಪಠ್ಯಕ್ರಮವನ್ನು ಪರೀಕ್ಷೆಗೆ ಸಾಕಷ್ಟು ಮೊದಲೇ ಮುಗಿಸುವುದು.

ಬರೆದ ಮೇಲೆ ಓದಿದರೆ ಇವೆಲ್ಲ ಯಾವ ಶಿಕ್ಷಕರಿಗಾದರೂ, ಯಾವ ವರ್ಷಕ್ಕಾದರೂ ಹೊಂದುವ ಮಾತುಗಳೆನಿಸುತ್ತವೆ. ಇವುಗಳಲ್ಲಿ ಯಾವುದನ್ನು ಉಳಿಸಿಕೊಳ್ಳುವುದು ಸೂಕ್ತ? ಉಳಿಸಿಕೊಂಡದ್ದು ನೆರವೇರುತ್ತಿದೆಯೋ ಇಲ್ಲವೋ ಎಂಬುದನ್ನು ವರ್ಷಾಂತ್ಯದವರೆಗೆ ಕಾಯದೆ ತಿಳಿಯುವ ಮಾರ್ಗವೇನು?

ಉತ್ತರ 1 (ವಿಜ್ಞಾನ ವಿಭಾಗದ ಹಿರಿಯ ಶಿಕ್ಷಕ)

ಮೇಡಂ, ತಮ್ಮ ಪಟ್ಟಿಯಲ್ಲಿ ಎರಡು ಬಗೆಯ ಗುರಿಗಳು ಬೆರೆತಿವೆ. ಸರಾಸರಿ ಅಂಕ ಏರುವುದು ಒಂದು ಫಲ; ಅದು ತಮ್ಮ ಶ್ರಮದಷ್ಟೇ ಪ್ರಶ್ನೆಪತ್ರಿಕೆಯ ಸ್ವರೂಪ, ಆ ವರ್ಷದ ಮಕ್ಕಳು, ಅವರು ಹಿಂದಿನ ತರಗತಿಯಲ್ಲಿ ಕಲಿತು ಬಂದದ್ದು ಇವೆಲ್ಲವನ್ನೂ ಅವಲಂಬಿಸಿರುತ್ತದೆ. ನಾಳಿನ ಪಾಠದಲ್ಲಿ ತಾವು ಏನನ್ನು ಬೇರೆ ರೀತಿಯಲ್ಲಿ ಮಾಡುವಿರಿ ಎಂಬುದನ್ನು ಹೇಳದ ವಾಕ್ಯವನ್ನು ಗುರಿಯೆಂದು ನಮೂನೆಯಲ್ಲಿ ಬರೆಯಬಹುದು, ಆದರೆ ಅದರಿಂದ ಬೋಧನೆಯೇನೂ ಬದಲಾಗುವುದಿಲ್ಲ. ಆರರಲ್ಲಿ ಒಂದನ್ನೇ ಆರಿಸುವುದಾದರೆ ನಾನು ಎರಡನೆಯದನ್ನು ಆರಿಸುತ್ತೇನೆ, ಆದರೆ ಅದನ್ನು ಶಿಕ್ಷಕರ ಕಡೆಯಿಂದ ತಿರುಗಿಸಿ ಬರೆಯುತ್ತೇನೆ: ‘ಪ್ರಶ್ನೆ ಕೇಳಿದ ನಂತರ ನಾನು ಕನಿಷ್ಠ ಮೂರು ಸೆಕೆಂಡು ಸುಮ್ಮನಿರುತ್ತೇನೆ.’

ಇದು ಕ್ಷುಲ್ಲಕವೆಂದು ತೋರಬಹುದು. ಅಮೆರಿಕದ ಮೇರಿ ಬಡ್ ರೋ ಎಂಬ ವಿಜ್ಞಾನ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ಶಿಕ್ಷಕರು ಪ್ರಶ್ನೆ ಕೇಳಿ ಉತ್ತರಕ್ಕಾಗಿ ಕಾಯುವ ಸಮಯ ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಎಂದು ಕಂಡುಬಂತು. ಅದನ್ನು ಮೂರು ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಮಾಡಿದಾಗ ಮಕ್ಕಳ ಉತ್ತರಗಳು ಉದ್ದವಾದವು, ಉತ್ತರವೇ ಬಾರದ ಸಂದರ್ಭಗಳು ಕಡಿಮೆಯಾದವು, ಸಾಮಾನ್ಯವಾಗಿ ಬಾಯಿ ಬಿಡದ ಮಕ್ಕಳೂ ಮಾತನಾಡತೊಡಗಿದರು. ಮಗು ಉತ್ತರ ಹೇಳಿ ಮುಗಿಸಿದ ಮೇಲೂ ಇನ್ನೊಮ್ಮೆ ಕಾಯುವುದನ್ನು ಅವರು ಅಷ್ಟೇ ಮುಖ್ಯವೆಂದು ಪರಿಗಣಿಸಿದ್ದರು. ನನ್ನ ಅನುಭವದಲ್ಲಿ ಈ ಎರಡನೆಯ ಕಾಯುವಿಕೆಯೇ ಕಠಿಣ, ಏಕೆಂದರೆ ‘ಸರಿ’ ಅಥವಾ ‘ಚೆನ್ನಾಗಿದೆ’ ಎಂಬ ಮಾತು ನಮ್ಮ ನಾಲಗೆಯ ತುದಿಯಲ್ಲೇ ಇರುತ್ತದೆ.

ಕಾದರೆ ಸಾಲದು, ಕಾಯುವುದಕ್ಕೆ ಯೋಗ್ಯವಾದ ಪ್ರಶ್ನೆಯೂ ಬೇಕು. ‘ಸಾಂದ್ರೀಕರಣ ಎಂದರೇನು?’ ಎಂದು ಕೇಳಿದರೆ ವ್ಯಾಖ್ಯೆ ನೆನಪಿರುವವರು ಕೂಡಲೇ ಹೇಳುತ್ತಾರೆ, ಉಳಿದವರಿಗೆ ಎಷ್ಟು ಸಮಯ ಕೊಟ್ಟರೂ ಪ್ರಯೋಜನವಿಲ್ಲ. ಅದರ ಬದಲು, ತಣ್ಣೀರು ತುಂಬಿದ ಗಾಜಿನ ಲೋಟದ ಹೊರಮೈಯಲ್ಲಿ ಕಾಣುವ ಹನಿಗಳು ಎಲ್ಲಿಂದ ಬಂದವು ಎಂದು ಕೇಳಿ ನೋಡಿ. ನೀರು ಗಾಜಿನೊಳಗಿಂದ ಜಿನುಗಿದೆ ಎಂದು ನಂಬಿರುವ ಮಕ್ಕಳು ಪ್ರತಿ ತರಗತಿಯಲ್ಲೂ ಇರುತ್ತಾರೆ, ಮತ್ತು ಆ ನಂಬಿಕೆ ಹೊರಬಂದ ಮೇಲಷ್ಟೇ ಗಾಳಿಯಲ್ಲಿರುವ ನೀರಾವಿಯ ಬಗ್ಗೆ ಅರ್ಥಪೂರ್ಣವಾಗಿ ಮಾತನಾಡಲು ಸಾಧ್ಯ. ಇಂಥ ಎರಡು ಪ್ರಶ್ನೆಗಳನ್ನು ಪ್ರತಿ ಪಾಠ ಯೋಜನೆಯಲ್ಲಿ ಮೊದಲೇ ಬರೆದಿಟ್ಟುಕೊಳ್ಳುವುದನ್ನು ಗುರಿಯ ಭಾಗವಾಗಿಯೇ ಸೇರಿಸಿಕೊಳ್ಳಿ.

ತಿಳಿಯುವ ಮಾರ್ಗದ ಬಗ್ಗೆ ಕೇಳಿದ್ದೀರಿ. ಶಾಲೆಯ ನಿಯಮ ಅನುಮತಿಸುವುದಾದರೆ ತಿಂಗಳಿಗೊಮ್ಮೆ ಒಂದು ಅವಧಿಯ ಧ್ವನಿಯನ್ನು ಮುದ್ರಿಸಿಕೊಂಡು, ಅದರಲ್ಲಿ ಹತ್ತು ನಿಮಿಷವನ್ನಷ್ಟೇ ಕೇಳಿ, ಎಷ್ಟು ಬೇರೆ ಬೇರೆ ಮಕ್ಕಳು ಮಾತನಾಡಿದರು, ಎಷ್ಟು ಬಾರಿ ತಾವೇ ಉತ್ತರ ಹೇಳಿಬಿಟ್ಟಿರಿ ಎಂಬ ಎರಡು ಸಂಖ್ಯೆಗಳನ್ನು ಬರೆದಿಟ್ಟರೆ ಸಾಕು.

ಉತ್ತರ 2 (ಗಣಿತ ಶಿಕ್ಷಕಿ)

ಹಿರಿಯರ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ನೋಟ್‌ಪುಸ್ತಕದ ವಿಷಯವನ್ನು ಅವರು ಅಷ್ಟು ಸುಲಭವಾಗಿ ಬದಿಗಿಡಬಾರದಿತ್ತು. ಶಾಲೆ ಬಿಟ್ಟ ಮೇಲೆ ನಮ್ಮ ಸಮಯ ಹೆಚ್ಚಾಗಿ ಹೋಗುವುದು ತಿದ್ದುವುದಕ್ಕೇ. ಆದ್ದರಿಂದ ಅಲ್ಲಿ ಸಣ್ಣ ಸುಧಾರಣೆಯಾದರೂ ಅದರ ಲಾಭ ದೊಡ್ಡದು. ‘ಸಕಾಲದಲ್ಲಿ ತಿದ್ದುವುದು’ ಎಂಬ ಗುರಿಯ ದೋಷವೆಂದರೆ ಅದು ವೇಗವನ್ನು ಮಾತ್ರ ಅಳೆಯುತ್ತದೆ. ತಿದ್ದಿದ್ದನ್ನು ಮಗು ಓದಿತೇ, ಓದಿ ಏನಾದರೂ ಮಾಡಿತೇ ಎಂಬುದನ್ನು ಕೇಳುವುದೇ ಇಲ್ಲ.

ಶಿಕ್ಷಣ ಮನೋವಿಜ್ಞಾನದ ಸಂಶೋಧಕಿ ರೂತ್ ಬಟ್ಲರ್ ಅವರು 1988ರಲ್ಲಿ ಪ್ರಕಟಿಸಿದ ಪ್ರಯೋಗವೊಂದನ್ನು ಇಲ್ಲಿ ನೆನೆಯಬಹುದು. ಕೆಲವು ಮಕ್ಕಳಿಗೆ ಬರೀ ಅಂಕ, ಕೆಲವರಿಗೆ ಬರೀ ಟಿಪ್ಪಣಿ, ಇನ್ನು ಕೆಲವರಿಗೆ ಎರಡನ್ನೂ ಕೊಡಲಾಯಿತು. ಬರೀ ಟಿಪ್ಪಣಿ ಪಡೆದವರ ಆಸಕ್ತಿಯೂ ಮುಂದಿನ ಕೆಲಸದ ಗುಣಮಟ್ಟವೂ ಚೆನ್ನಾಗಿದ್ದವು. ಅಂಕ ಮತ್ತು ಟಿಪ್ಪಣಿ ಎರಡನ್ನೂ ಪಡೆದವರಿಗೆ ಅಂಥ ಪ್ರಯೋಜನ ಸಿಗಲಿಲ್ಲ. ಹನ್ನೆರಡು ಹದಿಮೂರರ ಮಕ್ಕಳು ಪುಸ್ತಕ ಕೈಗೆ ಬಂದೊಡನೆ ಪಕ್ಕದವರ ಅಂಕವನ್ನು ಇಣುಕುವುದನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವೇನೂ ಇರದು.

ಹಾಗೆಂದು ಅಂಕ ಕೊಡುವುದನ್ನೇ ನಿಲ್ಲಿಸುವ ಸ್ವಾತಂತ್ರ್ಯ ಹೆಚ್ಚಿನ ಶಿಕ್ಷಕರಿಗಿಲ್ಲ. ನಾನು ಅನುಸರಿಸುವ ಕ್ರಮವೆಂದರೆ, ಅಂಕವನ್ನು ನನ್ನ ದಾಖಲೆಯಲ್ಲಿ ಬರೆದಿಟ್ಟುಕೊಂಡು, ಪುಸ್ತಕದಲ್ಲಿ ಒಂದೇ ಒಂದು ಟಿಪ್ಪಣಿಯನ್ನು, ಅದೂ ಮಗು ಮಾಡಬೇಕಾದ ಕೆಲಸದ ರೂಪದಲ್ಲಿ ಬರೆದು ಕೊಡುವುದು. ‘ಇನ್ನಷ್ಟು ಶ್ರಮ ಬೇಕು’ ಎಂದಲ್ಲ. ‘ಮೂರನೆಯ ಹಂತದಲ್ಲಿ ಋಣ ಚಿಹ್ನೆ ಏನಾಯಿತೆಂದು ನೋಡಿ, ಅಲ್ಲಿಂದ ಮತ್ತೆ ಬಿಡಿಸಿ’ ಎಂದು. ಮುಂದಿನ ಅವಧಿಯ ಮೊದಲ ಎಂಟು ಹತ್ತು ನಿಮಿಷ ಆ ಕೆಲಸಕ್ಕೇ ಮೀಸಲು. ಅದು ಮುಗಿದ ಬಳಿಕವೇ ಅಂಕ ತಿಳಿಸುತ್ತೇನೆ. ಹೀಗೆ ಮಾಡುವುದಾದರೆ ಪ್ರತಿ ಪುಟದ ಪ್ರತಿ ತಪ್ಪನ್ನೂ ತಿದ್ದಲಾಗುವುದಿಲ್ಲ, ತಿದ್ದಬೇಕಾಗಿಯೂ ಇಲ್ಲ. ಈ ಒಂದು ವಿಷಯವನ್ನು ಮುಖ್ಯೋಪಾಧ್ಯಾಯರಿಗೂ ಪೋಷಕರಿಗೂ ಮೊದಲೇ ಹೇಳಿಡಿ, ಇಲ್ಲದಿದ್ದರೆ ಕೆಂಪು ಶಾಯಿ ಕಡಿಮೆಯಾಗಿದೆ ಎಂಬ ದೂರು ಖಂಡಿತ ಬರುತ್ತದೆ.

ಪಠ್ಯಕ್ರಮವನ್ನು ಬೇಗ ಮುಗಿಸುವ ಗುರಿಯನ್ನು ಮಾತ್ರ ದಯವಿಟ್ಟು ಕೈಬಿಡಿ. ಬೇಗ ಮುಗಿಸಿ ಕೊನೆಗೆ ಒಟ್ಟಾಗಿ ಪುನರಾವರ್ತನೆ ಮಾಡಿಸುವುದಕ್ಕಿಂತ, ವಾರದ ಮೊದಲ ಅವಧಿಯಲ್ಲಿ ಹಿಂದಿನ ವಾರದ ಮತ್ತು ಹಿಂದಿನ ತಿಂಗಳಿನ ಪಾಠಗಳಿಂದ ಮೂರು ನಾಲ್ಕು ಪ್ರಶ್ನೆಗಳಿಗೆ ಪುಸ್ತಕ ನೋಡದೆ ಉತ್ತರ ಬರೆಸುವುದು ಮೇಲು. ನೆನಪಿನ ಬಗ್ಗೆ ಅಧ್ಯಯನ ಮಾಡಿದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ತೋರಿಸಿದಂತೆ, ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರೂ, ಒಂದು ವಾರದ ನಂತರ ಮುಂದಿದ್ದವರು ನೆನಪಿನಿಂದ ಬರೆದು ಅಭ್ಯಾಸ ಮಾಡಿದವರು. ಅವರ ಪ್ರಯೋಗ ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆದದ್ದು ನಿಜ. ಆದರೂ ನನ್ನ ತರಗತಿಗಳಲ್ಲಿ ಇದು ಸುಳ್ಳಾದದ್ದನ್ನು ನಾನು ಕಂಡಿಲ್ಲ. ಈ ಪ್ರಶ್ನೆಗಳಿಗೆ ಅಂಕವಿಡಬೇಡಿ.

ಉತ್ತರ 3 (ಭಾಷಾ ಶಿಕ್ಷಕ)

ತಂತ್ರಾಂಶದ ಗುರಿಯ ಬಗ್ಗೆ ಒಂದೇ ಮಾತು: ಅದರಿಂದ ಯಾವ ತೊಂದರೆ ನೀಗಬೇಕೆಂಬುದು ಸ್ಪಷ್ಟವಾಗುವವರೆಗೆ ಮುಂದೂಡಿ. ಪೋಷಕರ ಸಂಪರ್ಕವೂ ಪ್ರತ್ಯೇಕ ಗುರಿಯಾಗಬೇಕಿಲ್ಲ. ದೂರು ಹೇಳುವ ಸಂದರ್ಭ ಬರುವ ಮೊದಲೇ ಪ್ರತಿ ಮಗುವಿನ ಮನೆಗೆ ಒಂದು ಒಳ್ಳೆಯ ಸುದ್ದಿ ತಲುಪಿಸಿದರೆ ಸಾಕು.

ಧ್ವನಿಮುದ್ರಣಕ್ಕೆ ಅನುಮತಿ ಸಿಗದಿದ್ದರೆ ಸಹೋದ್ಯೋಗಿಯೊಬ್ಬರನ್ನು ತಿಂಗಳಿಗೊಮ್ಮೆ ತರಗತಿಗೆ ಕರೆಯಿರಿ. ಜಪಾನಿನ ಶಾಲೆಗಳಲ್ಲಿ ಶಿಕ್ಷಕರು ಒಟ್ಟಾಗಿ ಒಂದು ಪಾಠವನ್ನು ಯೋಜಿಸಿ, ಒಬ್ಬರು ಕಲಿಸುವಾಗ ಉಳಿದವರು ಗಮನಿಸಿ, ನಂತರ ಚರ್ಚಿಸುವ ಪದ್ಧತಿ ಬಹುಕಾಲದಿಂದ ಇದೆ. ಅದರಲ್ಲಿ ನನಗೆ ಬಹಳ ಹಿಡಿಸಿದ ಅಂಶವೆಂದರೆ, ನೋಡಲು ಬಂದವರ ಕಣ್ಣು ಶಿಕ್ಷಕರ ಮೇಲಿರದೆ ಮಕ್ಕಳ ಮೇಲಿರುತ್ತದೆ: ಯಾರು ಎಲ್ಲಿ ಎಡವಿದರು, ಯಾವ ಮಾತಿನಿಂದ ದಾರಿ ಕಂಡರು ಎಂಬುದನ್ನು ಬರೆದುಕೊಳ್ಳುತ್ತಾರೆ. ಬರುವವರಿಗೆ ಹಿಂದಿನ ಬೆಂಚಿನ ಇಬ್ಬರು ಮಕ್ಕಳನ್ನು ತೋರಿಸಿ, ಅವರನ್ನಷ್ಟೇ ಗಮನಿಸುವಂತೆ ಕೇಳಿಕೊಳ್ಳಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಕಾಯುವ ಸಮಯ ಮತ್ತು ವಾರದ ನೆನಪಿನ ಪ್ರಶ್ನೆಗಳು ಇವೆರಡನ್ನೇ ಉಳಿಸಿಕೊಳ್ಳುತ್ತಿದ್ದೇನೆ. ನೋಟ್‌ಪುಸ್ತಕದ ಕ್ರಮವನ್ನು ಎರಡನೆಯ ಅರ್ಧವರ್ಷದಲ್ಲಿ ಆರಂಭಿಸುತ್ತೇನೆ. ಒಂದು ಸಂದೇಹ ಉಳಿದಿದೆ. ಏಳನೇ ತರಗತಿಯಲ್ಲಿ ನಾನು ಮೂರು ಸೆಕೆಂಡು ಸುಮ್ಮನಿದ್ದರೆ ಒಂದೋ ಗದ್ದಲ ಶುರುವಾಗುತ್ತದೆ, ಇಲ್ಲವೇ ಯಾವಾಗಲೂ ಉತ್ತರಿಸುವ ಇಬ್ಬರು ಕೂಗಿ ಹೇಳಿಬಿಡುತ್ತಾರೆ.

ಉತ್ತರ 1ರ ಲೇಖಕರಿಂದ

ಮೌನವನ್ನು ಖಾಲಿ ಬಿಡಬೇಡಿ. ಪ್ರಶ್ನೆಯನ್ನು ಕಪ್ಪುಹಲಗೆಯ ಮೇಲೆ ಬರೆದು, ಅರ್ಧ ನಿಮಿಷ ಎಲ್ಲರೂ ತಮ್ಮ ಉತ್ತರವನ್ನು ಒಂದು ಸಾಲಿನಲ್ಲಿ ಬರೆಯಲಿ, ನಂತರ ಪಕ್ಕದವರಿಗೆ ತೋರಿಸಲಿ, ಆ ಬಳಿಕ ಯಾರು ಹೇಳಬೇಕೆಂಬುದನ್ನು ತಾವೇ ಆರಿಸಿ. ಕೈ ಎತ್ತುವುದು ಬೇಡವೆಂದು ಮೊದಲ ದಿನವೇ ತಿಳಿಸಿ. ಕೂಗಿ ಹೇಳುವ ಆ ಇಬ್ಬರನ್ನು ಗದರಬೇಕಾಗಿಲ್ಲ. ಬೇರೊಬ್ಬರು ಹೇಳಿದ ಉತ್ತರ ಸರಿಯೋ ತಪ್ಪೋ, ಏಕೆ ಎಂದು ವಿವರಿಸುವ ಕೆಲಸವನ್ನು ಅವರಿಗೆ ವಹಿಸಿ. ಎಲ್ಲ ತರಗತಿಗಳಲ್ಲೂ ಒಮ್ಮೆಲೇ ತೊಡಗದೆ, ಮೊದಲ ತಿಂಗಳು ಆರನೇ ತರಗತಿಯಲ್ಲಿ ಮಾತ್ರ ರೂಢಿಸಿಕೊಂಡು, ಆಮೇಲೆ ಏಳಕ್ಕೆ ಹೋಗುವುದು ಒಳ್ಳೆಯದು.